ಒಂದೇ ಸ್ಕ್ರೂ ಇರುವ ಪಿಸ್ತೂಲು

ನಮ್ಮ ವರ್ಕ್‌ಶಾಪ್ ಇರೋದು ಪೀಣ್ಯದಲ್ಲಿ. ಮೂರು ತ್ರೀಡಿ ಪ್ರಿಂಟರ್, ಒಂದು ಹಳೇ ಲೇತ್, ಆ ಲೇತಿಗಿಂತ ಹಳಬರಾದ ಒಬ್ಬ ಮೇಸ್ತ್ರಿ. ಸ್ಟಾರ್ಟಪ್ ಹುಡುಗರ ಸರ್ಕ್ಯೂಟ್ ಬೋರ್ಡಿಗೆ ಡಬ್ಬಿ, ಕಾರ್ಖಾನೆಗಳಿಗೆ ಜಿಗ್ (ಕೆಲಸದ ಭಾಗವನ್ನು ಅಲ್ಲಾಡದಂತೆ ಹಿಡಿದಿಡುವ ಚೌಕಟ್ಟು), ಬಿಲ್ಡರುಗಳಿಗೆ ಅಪಾರ್ಟ್‌ಮೆಂಟಿನ ಪುಟ್ಟ ಮಾದರಿ, ಇವು ನಮ್ಮ ಅನ್ನ. ಹೋದ ವರ್ಷ ಒಬ್ಬ ಗಿರಾಕಿ ಬಂದು, "ಹಾನ್ ಸೋಲೋ ಬ್ಲಾಸ್ಟರ್ ಮಾಡ್ಕೊಡ್ತೀರಾ? ಕಾಮಿಕ್ ಕಾನ್‌ಗೆ ವೇಷ ಹಾಕ್ತಿದ್ದೀನಿ" ಅಂದ. ಹಾನ್ ಸೋಲೋ ಅಂದ್ರೆ ಸ್ಟಾರ್ ವಾರ್ಸ್ ಸಿನಿಮಾದ ಒಂದು ಪಾತ್ರ, ಬ್ಲಾಸ್ಟರ್ ಅವನ ಪಿಸ್ತೂಲು. ಕಾಮಿಕ್ ಕಾನ್ ಅನ್ನೋದು ಇಂಥ ಪಾತ್ರಗಳ ಅಭಿಮಾನಿಗಳು ವೇಷ ಹಾಕಿ ಸೇರುವ ಮೇಳ. ಕಪ್ಪು ವೇಸ್ಟ್‌ಕೋಟ್ ಹೊಲಿಸಿ ಆಗಿತ್ತು, ತೊಡೆಗೆ ಕಟ್ಟುವ ಚರ್ಮದ ಹೋಲ್‌ಸ್ಟರ್ ಶಿವಾಜಿನಗರದಲ್ಲಿ ತಯಾರಾಗಿತ್ತು. ಒಳಗೆ ಇಡೋಕೆ ಮಾತ್ರ ಏನೂ ಇರಲಿಲ್ಲ. ನಾನು ಹಿಂದೆಮುಂದೆ ನೋಡದೆ "ಹತ್ತು ದಿನ" ಅಂದುಬಿಟ್ಟೆ. ಹಿಡಿದದ್ದು ಏಳು ವಾರ.

ಹತ್ತು ದಿನ ಅಂದದ್ದು ಯಾಕಂದ್ರೆ, ಫೈಲು ಇಂಟರ್ನೆಟ್ಟಿನಲ್ಲೇ ಸಿಗುತ್ತಿತ್ತು. ಇಳಿಸಿಕೊ, ಪ್ರಿಂಟ್ ಹಾಕು, ಉಜ್ಜು, ಬಣ್ಣ ಹೊಡೆ, ಬಿಲ್ ಕೊಡು. ಮೊದಲ ಪ್ರಿಂಟ್ ಮೂರನೇ ದಿನಕ್ಕೇ ಮೇಜಿನ ಮೇಲಿತ್ತು. ದೂರದಿಂದ ನೋಡಿದರೆ ಥೇಟ್ ಅದೇ. ಕೈಗೆ ತಗೊಂಡರೆ ಏನೋ ತಪ್ಪಿದೆ. ಹಿಡಿ ದಪ್ಪ, ಬೆರಳು ಸುತ್ತಿ ಬರುವುದಿಲ್ಲ. ಮೇಸ್ತ್ರಿ ಅದನ್ನು ಎತ್ತಿ ನೋಡಿ, "ಇದನ್ನ ಯಾರೋ ಕಣ್ಣಲ್ಲಿ ನೋಡಿ ಮಾಡವ್ರೆ, ಕೈಯಲ್ಲಿ ಹಿಡ್ದು ಮಾಡಿಲ್ಲ" ಅಂದು ಕೆಳಗಿಟ್ಟರು. ಸಿನಿಮಾ ನೋಡಿದವರಲ್ಲ ಅವರು. ಇದು ಯಾವ ಲೋಕದ ಆಯುಧ ಅಂತಲೂ ಗೊತ್ತಿರಲಿಲ್ಲ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು.

1977ರ ಸ್ಟಾರ್ ವಾರ್ಸ್‌ಗೆ ಇಂಗ್ಲೆಂಡಿನಲ್ಲಿ ಸೆಟ್ ಹಾಕಿದಾಗ ಆಯುಧಗಳನ್ನು ಹೊಸದಾಗಿ ವಿನ್ಯಾಸ ಮಾಡಿ ತಯಾರಿಸುವಷ್ಟು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್, ಸಿನಿಮಾಗಳಿಗೆ ಬಂದೂಕು ಬಾಡಿಗೆ ಕೊಡುತ್ತಿದ್ದ ಲಂಡನ್ನಿನ ಬ್ಯಾಪ್ಟಿ ಕಂಪನಿಗೆ ಹೋಗಿ, ನಿಜವಾದ ಹಳೆಯ ಬಂದೂಕುಗಳಿಗೇ ಅದೂ ಇದೂ ಅಂಟಿಸಿ ಬಾಹ್ಯಾಕಾಶಕ್ಕೆ ಕಳಿಸಿದರು. ಬಿಳಿ ಕವಚದ ಸೈನಿಕರ ಕೈಯಲ್ಲಿರೋದು ಬ್ರಿಟಿಷರ ಸ್ಟರ್ಲಿಂಗ್ ಸಬ್‌ಮಷಿನ್ ಗನ್. ಸಿನಿಮಾದ ನಾಯಕ ಲ್ಯೂಕನ ಬೆಳಕಿನ ಕತ್ತಿಯ ಹಿಡಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಕೊಳವೆ. ಹಾನ್ ಸೋಲೋ ಬ್ಲಾಸ್ಟರ್ ಅಂದರೆ ಜರ್ಮನಿಯ ಮೌಸರ್ ಸಿ96 ಪಿಸ್ತೂಲು, ಮೇಲೆ ಹೆನ್‌ಸೋಲ್ಟ್ ಕಂಪನಿಯ ಬೇಟೆಯ ದೂರದರ್ಶಕ, ತುದಿಗೆ ಎರಡನೇ ಮಹಾಯುದ್ಧದ ವಿಮಾನದ ಮಷಿನ್ ಗನ್ನಿನಿಂದ ಬಿಚ್ಚಿದ ಶಂಕುವಿನಾಕಾರದ ಕೊಳವೆ. ಮಿಕ್ಕಿದ್ದೆಲ್ಲ ಚಿಲ್ಲರೆ ತುಣುಕು. ಇಂಥ ತುಣುಕಿಗೆ ಈ ಕಸುಬಿನವರು 'ಗ್ರೀಬ್ಲಿ' ಅಂತಾರೆ. ಕೆಲಸಕ್ಕೆ ಬಾರದ, ಆದರೆ ಏನೋ ಕೆಲಸ ಮಾಡ್ತಿದೆ ಅನ್ನಿಸುವ ತುಣುಕು. ಆಫೀಸುಗಳಲ್ಲೂ ಇರ್ತಾವೆ, ಬಿಡಿ.

ಮೌಸರ್ ಸಿ96 ತಯಾರಾದದ್ದು 1896ರಿಂದ 1937ರವರೆಗೆ. ಹಿಡಿ ಪೊರಕೆ ಹಿಡಿಯಂತೆ ತೆಳ್ಳಗೆ, ದುಂಡಗೆ ಇರೋದರಿಂದ ಇಂಗ್ಲಿಷಿನಲ್ಲಿ ಅದರ ಅಡ್ಡಹೆಸರೇ 'ಬ್ರೂಮ್‌ಹ್ಯಾಂಡಲ್'. ನನ್ನ ಪ್ರಿಂಟಿನ ಹಿಡಿಯಲ್ಲಿ ಪೊರಕೆ ಅಲ್ಲ, ಒನಕೆ ಕಟ್ಟಬಹುದಿತ್ತು. ಮೂಲದ ಅಳತೆ ಸಿಕ್ಕಿತು: ನಳಿಕೆ 140 ಮಿಲಿಮೀಟರ್, ಇಡೀ ಪಿಸ್ತೂಲು 312 ಮಿಲಿಮೀಟರ್ ಹತ್ತಿರ. ನನ್ನ ಫೈಲಿನಲ್ಲಿ ಮೌಸರ್ ಭಾಗ ಒಂದೂವರೆ ಸೆಂಟಿಮೀಟರ್ ಹೆಚ್ಚಿತ್ತು. ಯಾರೋ ಫೋಟೋ ನೋಡಿ ಮಾಡಿದ್ದನ್ನು ಇನ್ಯಾರೋ ತಿದ್ದಿ, ಅದನ್ನು ಮತ್ತೊಬ್ಬ ತನ್ನ ಪ್ರಿಂಟರಿಗೆ ಹೊಂದಿಸಿಕೊಂಡು, ಕೊನೆಗೆ ನನ್ನ ಕೈಗೆ ಬಂದಿತ್ತು. ಕಿವಿಯಿಂದ ಕಿವಿಗೆ ದಾಟಿದ ಸುದ್ದಿಯ ಹಾಗೆ.

ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಇನ್ನೊಂದಕ್ಕೆ. ಫೈಲಿನಲ್ಲಿದ್ದದ್ದು ಬೋಳುಬೋಳಾಗಿದೆ ಅನ್ನಿಸಿ ನಾನೇ ಪಿಸ್ತೂಲಿನ ಮೈಮೇಲೆ ಆರು ಸ್ಕ್ರೂ ತಲೆಗಳನ್ನು ಸೇರಿಸಿದ್ದೆ. ಜಿಗ್ ಮಾಡುವವನ ಕೈಚಟ. ಎರಡು ಭಾಗ ಸೇರಿದಲ್ಲಿ ಸ್ಕ್ರೂ ಇರಲೇಬೇಕಲ್ಲ? ಮೌಸರ್ ಸಿ96ರ ವಿಶೇಷವೇ ಅದು: ಇಡೀ ಪಿಸ್ತೂಲಿಗೆ ಒಂದೇ ಒಂದು ಸ್ಕ್ರೂ. ಅದೂ ಹಿಡಿಯ ಎರಡು ಮರದ ತುಂಡುಗಳನ್ನು ಬಿಗಿಯೋಕೆ. ಉಳಿದದ್ದೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ, ಹಳೇ ಕಾಲದ ಮರದ ಪೆಟ್ಟಿಗೆಯ ಮೂಲೆಗಳ ಹಾಗೆ. ದೂರದರ್ಶಕ ಹಿಡಿದಿರುವ ಬ್ರ್ಯಾಕೆಟ್ಟಿನ ಸ್ಕ್ರೂಗಳು ಬೇರೆ ಲೆಕ್ಕ, ಅವು ಸಿನಿಮಾದವರು ಹಾಕಿದ್ದು. ಇದನ್ನು ಗಿರಾಕಿಗೆ ಹೇಳಿದಾಗ ಅವನು ತಣ್ಣಗೆ, "ನಂಗೊತ್ತಿತ್ತು ಸರ್, ನೀವು ಬೇಕಂತ ಹಾಕಿದ್ರೇನೋ ಅಂದ್ಕೊಂಡೆ" ಅಂದ. ಅವನಿಗೆ ಗೊತ್ತಿತ್ತು! ಮೊದಲ ದಿನ ನಾನು ಅವನನ್ನು ಕೇಳಿದ್ದು ಬಜೆಟ್ಟು ಮತ್ತು ತಾರೀಖು ಮಾತ್ರ. ಹತ್ತು ವರ್ಷದಿಂದ ಇದೇ ಗುಂಗಿನಲ್ಲಿದ್ದವನನ್ನು ಎದುರು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ಸಂಜೆ ಕೇಳಿದೆ. ಮೊದಲನೇ ಸಿನಿಮಾದ ಬ್ಲಾಸ್ಟರ್ ಬೇರೆ, ಎರಡನೆಯದರದು ಬೇರೆ, ಮೂರನೆಯದು ಇನ್ನೂ ಬೇರೆ ಅಂದ. ಮೂರನೆಯದರಲ್ಲಿ ಬಳಸಿದ ಒಂದು, ಬಹುಪಾಲು ಮರದಲ್ಲೇ ಮಾಡಿದ್ದು, 2018ರಲ್ಲಿ ಹರಾಜಿನಲ್ಲಿ 5,50,000 ಡಾಲರಿಗೆ ಹೋಗಿದೆ. ಮೊದಲನೆಯದರದು, ನಿಜವಾದ ಮೌಸರ್ ಇರುವುದು, 2022ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ 10,57,500 ಡಾಲರಿಗೆ. ಎಂಟು ಕೋಟಿ ರೂಪಾಯಿಗೂ ಮಿಕ್ಕಿ. ಮೇಸ್ತ್ರಿ ಈ ಲೆಕ್ಕ ಕೇಳಿ, ನಾನು ಗಿರಾಕಿಗೆ ಕೊಟ್ಟ ಕೊಟೇಶನ್ ಕೇಳಿ, ಲೇತ್ ಆಫ್ ಮಾಡಿ ಟೀ ಕುಡಿಯೋಕೆ ಹೋದರು.

ಹೊಸದಾಗಿ ಮಾಡೆಲ್ ಮಾಡಿದೆ, ಮೌಸರಿನ ಅಳತೆಯಿಂದಲೇ ಶುರುಮಾಡಿ. ವಿದೇಶದಲ್ಲಾದರೆ ಸ್ಪೇನಿನ ಡೆನಿಕ್ಸ್ ಕಂಪನಿಯ ಗುಂಡು ಹಾರದ ಲೋಹದ ಪ್ರತಿಕೃತಿ ಕೊಂಡು ಅದರ ಮೇಲೆ ಕೆಲಸ ಮಾಡುವವರಿದ್ದಾರೆ. ನಾನು ಆ ತಂಟೆಗೆ ಹೋಗಲಿಲ್ಲ. ಹಿಡಿಗೆ ಮೇಸ್ತ್ರಿಯ ಮನೆಯ ಮುರಿದ ಮಂಚದ ಬೀಟೆ ತುಂಡು ಬಂತು. ಅದರ ಮೇಲೆ ಅಡ್ಡ ಗೆರೆಗಳನ್ನು ಸಣ್ಣ ಅರದಲ್ಲಿ ಒಂದೊಂದಾಗಿ ಕೊರೆದರು. ತುದಿಯ ಕೊಳವೆಯನ್ನು ಅಲ್ಯೂಮಿನಿಯಂ ಸಲಾಕೆಯಿಂದ ಲೇತಿನಲ್ಲಿ ತಿರುವಿದರು. ತೂಕ ಬರಲಿ ಅಂತ ನಳಿಕೆಯೊಳಗೆ ನಾನು ಕಬ್ಬಿಣದ ಸರಳು ಇಟ್ಟೆ. ಮೂಲ ಪಿಸ್ತೂಲು ಒಂದು ಕೆಜಿ ದಾಟುತ್ತದೆ, ನಮ್ಮದು ಆಟಿಕೆಯಂತೆ ಹಗುರ ಇರಬಾರದು.

ಆಗ ಬಂತು ಗಿರಾಕಿಯ ಫೋನು. "ಸರ್, ಒಂದ್ ವಿಷ್ಯ ಹೇಳೋದ್ ಮರ್ತಿದ್ದೆ. ಒಳಗೆ ಲೋಹದ್ದು ಬಿಡಲ್ಲ."

ಇಂಥ ಮೇಳಗಳಲ್ಲಿ ವೇಷದ ಆಯುಧಗಳನ್ನು ಬಾಗಿಲಲ್ಲೇ ಪರೀಕ್ಷಿಸುತ್ತಾರೆ, ಲೋಹ ಇದ್ದರೆ ಹೊರಗೇ. ಇದು ನನಗೂ ಹೊಳೆಯಬೇಕಿತ್ತು. ಸಾವಿರಾರು ಜನ ತಳ್ಳಾಡುವ ಜಾಗಕ್ಕೆ ಒಂದು ಕೆಜಿ ಲೋಹ ಯಾರು ಬಿಡ್ತಾರೆ? ಜಿಗ್ ಮಾಡುವಾಗ ನಾವು ಮೊದಲು ಕೇಳೋದೇ "ಇದು ಯಾವ ಮಷಿನ್ ಮೇಲೆ ಕೂರುತ್ತೆ?" ಅಂತ. ಇಲ್ಲಿ ಆಟದ ವಸ್ತು ಅಂದ ಕೂಡಲೇ ಆ ಪ್ರಶ್ನೆ ನಾಲಿಗೆಗೆ ಬರಲಿಲ್ಲ.

ಮೇಸ್ತ್ರಿಯ ಎರಡು ದಿನದ ಕೆಲಸ ದಂಡವಾಗಬಾರದು ಅಂತ ಆ ಅಲ್ಯೂಮಿನಿಯಂ ಕೊಳವೆಯನ್ನೇ ಅಚ್ಚಿಗೆ ಮೂಲವಾಗಿ ಬಳಸಿದೆ. ಅದರ ಸುತ್ತ ಸಿಲಿಕೋನ್ ಸುರಿದು, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಕೊಳವೆ ಹೊರತೆಗೆದೆ. ಖಾಲಿ ಅಚ್ಚಿನ ಗೋಡೆಗೆ ಅಲ್ಯೂಮಿನಿಯಂ ಪುಡಿ ಬಳಿದು, ಅದೇ ಪುಡಿ ಕಲಸಿದ ರೆಸಿನ್ ಹುಯ್ದೆ. ಗಟ್ಟಿಯಾಗಿ ಹೊರಬಂದಾಗ ಅದು ಬೂದಿ ಬಣ್ಣದ ಮಂಕು ಪ್ಲಾಸ್ಟಿಕ್ಕು. ನಯವಾದ ಸ್ಟೀಲ್ ವುಲ್‌ನಿಂದ ಉಜ್ಜುತ್ತಾ ಹೋದಂತೆ ಪುಡಿಯ ಕಣಗಳು ಹೊರಬಂದು ಲೋಹದ ಹೊಳಪು ಏರುತ್ತದೆ. ಕೋಲ್ಡ್ ಕಾಸ್ಟಿಂಗ್ ಅಂತಾರೆ ಇದಕ್ಕೆ, ಕುಲುಮೆ ಬೇಡದ ಎರಕ. ಮೇಸ್ತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ತಮ್ಮದು ಅಂತ ಕೈಯಲ್ಲಿ ತೂಗಿಯೇ ಹೇಳಿದರು. ಕಣ್ಣಿಗೆ ಗೊತ್ತಾಗಲಿಲ್ಲ ಅನ್ನೋದು ನನಗೆ ಸಾಕಾಯಿತು. ತೂಕಕ್ಕೆ ಕಬ್ಬಿಣದ ಬದಲು ಎಂ-ಸ್ಯಾಂಡ್ ಮತ್ತು ರೆಸಿನ್. ಪಕ್ಕದ ಸೈಟಿನಿಂದ ಎರಡು ಹಿಡಿ ಕೇಳಿ ತಂದದ್ದು. ಗ್ಯಾಲಕ್ಸಿ ಎಷ್ಟೇ ದೂರದ್ದಿರಲಿ, ಮರಳು ನಮ್ಮ ಕಡೆಯದೇ.

ನಡುವೆ ಇನ್ನೊಂದು ಅವಾಂತರ. ಗಿರಾಕಿಗೆ ತೋರಿಸೋಣ ಅಂತ ಪ್ರೈಮರ್ ಹೊಡೆದ ಮೈಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಊಟಕ್ಕೆ ಹೋದೆ. ಮಾರ್ಚ್ ತಿಂಗಳು, ಮಧ್ಯಾಹ್ನ. ಬಂದು ನೋಡಿದರೆ ನಳಿಕೆ ಬಾಡಿದ ಬಾಳೆ ಎಲೆಯಂತೆ ಕೆಳಗೆ ಬಾಗಿದೆ. ಪಿಎಲ್ಎ ಪ್ಲಾಸ್ಟಿಕ್ಕು 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ ಅಂತ ಹೊಸದಾಗಿ ಸೇರುವ ಹುಡುಗರಿಗೆ ಪಾಠ ಹೇಳುವವನು ನಾನೇ. ಮತ್ತೆ, ಅದಕ್ಕಿಂತ ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್. ಮತ್ತೆ ಪುಟ್ಟಿ, ಮತ್ತೆ 120ರಿಂದ 800ರವರೆಗೆ ಉಜ್ಜುಕಾಗದ. ಈ ಉಜ್ಜುವ ಕೆಲಸದ ಬಗ್ಗೆ ಹೇಳೋಕೇನೂ ಇಲ್ಲ, ಭುಜ ನೋಯುತ್ತೆ ಅಷ್ಟೆ.

ಹೇಳಬೇಕಾದದ್ದು ಬಣ್ಣದ ಬಗ್ಗೆ. ಕಪ್ಪು ಹೊಡೆದು ಗ್ರಾಫೈಟ್ ಪುಡಿ ತಿಕ್ಕಿದ ಮೇಲೆ ಅದು ಉಕ್ಕಿನ ಹಾಗೇ ಕಂಡಿತು. ಇನ್ನು ಹಳೆಯದಾಗಿ ಕಾಣಬೇಕು. ಒಣ ಬ್ರಷ್ಷಿಗೆ ಬೆಳ್ಳಿ ಬಣ್ಣ ಹಚ್ಚಿ ಅಂಚುಗಳ ಮೇಲೆಲ್ಲ ಎಳೆದೆ. ಅಲ್ಲಲ್ಲಿ ಗೀರು, ಅಲ್ಲಲ್ಲಿ ಚುಕ್ಕೆ. ನನಗೇನೋ ಖುಷಿಯಾಯಿತು. ಮೇಸ್ತ್ರಿ ಹೇಳಿದ್ದು: "ಸುಣ್ಣ ಹೊಡಿಯೋನ್ ಬಟ್ಟೆ ಇದ್ದಂಗಿದೆ."

ಆಮೇಲೆ ಅವರು ತಮ್ಮ ಲೇತಿನ ಚಕ್ ಕೀ, ಅಂದ್ರೆ ಲೇತಿಗೆ ತುಂಡನ್ನು ಬಿಗಿಯುವ ಕೀಲಿ, ತಂದು ನನ್ನ ಮುಂದಿಟ್ಟರು. ಇಪ್ಪತ್ತು ವರ್ಷ ಹಿಡಿದದ್ದು. ಅಡ್ಡ ಸರಳಿನ ಒಂದು ತುದಿ ಕನ್ನಡಿಯಂತೆ ಬಿಳಿ, ಇನ್ನೊಂದು ತುದಿ ಇನ್ನೂ ಕಪ್ಪು. ಅವರದು ಎಡಗೈ. ಅಂಗೈ ಒತ್ತುವ ಕಡೆ ಸವೆದಿದೆ, ಬೆರಳ ಸಂದಿ ಬರುವ ಕಡೆ ಎಣ್ಣೆಜಿಡ್ಡು ಕೂತಿದೆ, ಯಾರೂ ಮುಟ್ಟದ ಮೂಲೆಯಲ್ಲಿ ಕಾರ್ಖಾನೆಯ ಬಣ್ಣ ಹಾಗೇ ಇದೆ. ಮನೆಯ ಈಳಿಗೆಮಣೆ ನೆನಪಾಯಿತು. ಅಮ್ಮ ಕಾಲು ಮಡಚಿ ಕೂರುವ ಕಡೆ ಮರ ತಗ್ಗಾಗಿದೆ, ಉಳಿದ ಕಡೆ ಒರಟು. ಸವೆತ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಹಿಡಿದ ಕೈ ಯಾವುದು, ಇಟ್ಟ ಜಾಗ ಯಾವುದು ಅಂತ ಅದು ಹೇಳುತ್ತಿರುತ್ತದೆ. ಆ ಸಿನಿಮಾದವರಿಗೆ ಈ ಕೆಲಸದಲ್ಲಿ ಅರ್ಧ ಪುಕ್ಕಟೆ ಸಿಕ್ಕಿತ್ತು. ಮೌಸರುಗಳು ಸೆಟ್ಟಿಗೆ ಬರುವ ಮೊದಲೇ ಯಾರ್ಯಾರದೋ ಕೈಯಲ್ಲಿ ಬದುಕಿ ಬಂದವು. ನಾನು ಆ ಬದುಕನ್ನು ಬ್ರಷ್ಷಿನಲ್ಲಿ ಊಹಿಸಬೇಕಿತ್ತು.

ಬಣ್ಣ ಪೂರಾ ಕಿತ್ತು ಮತ್ತೆ ಶುರುಮಾಡಿದೆ. ಈ ಸಲ ಗಿರಾಕಿಯನ್ನು ಕರೆಸಿ, ಬೆಲ್ಟು ಹೋಲ್‌ಸ್ಟರ್ ಕಟ್ಟಿಸಿ, ಬ್ಲಾಸ್ಟರನ್ನು ನೂರು ಸಲ ತೆಗೆದು ಇಡು ಅಂದೆ. ಕೈಬೆರಳಿಗೆ ಸೀಮೆಸುಣ್ಣ ಹಚ್ಚಿಸಿದ್ದೆ. ಹೆಬ್ಬೆರಳು ಎಲ್ಲಿ ಬೀಳುತ್ತೆ, ಚರ್ಮದ ಅಂಚು ಕೊಳವೆಯನ್ನು ಎಲ್ಲಿ ತರಚುತ್ತೆ, ಎಲ್ಲ ಅಲ್ಲೇ ಬರೆದುಕೊಂಡಿತು. ಹುಡುಗರು ಪ್ರಿಂಟರ್ ಬಿಟ್ಟು ನಗುತ್ತಾ ನಿಂತಿದ್ದರು. ಆ ಗುರುತುಗಳಲ್ಲಿ ಮಾತ್ರ ಬೆಳ್ಳಿ, ಉಳಿದದ್ದು ಕಪ್ಪು. ಮೊದಲಿನದರ ಕಾಲುಭಾಗ ಬಣ್ಣವೂ ಹಿಡಿಯಲಿಲ್ಲ.

ತಲುಪಿಸುವ ದಿನ ಬುದ್ಧಿ ಇಲ್ಲದೆ ಬ್ಯಾಗಿನಲ್ಲಿಟ್ಟುಕೊಂಡು ಮೆಟ್ರೊ ನಿಲ್ದಾಣಕ್ಕೆ ಹೋದೆ. ಸ್ಕ್ಯಾನರಿನ ಪರದೆಯ ಮೇಲೆ ಅದು ಎಷ್ಟು ಚೆನ್ನಾಗಿ ಕಂಡಿತಂದ್ರೆ, ಕಾವಲಿನ ಹೆಣ್ಣುಮಗಳು ಬೆಲ್ಟ್ ನಿಲ್ಲಿಸಿ ನನ್ನ ಮುಖ ನೋಡಿದರು. ತಪ್ಪು ಪೂರ್ತಿ ನನ್ನದೇ. ಅಮೆರಿಕದಲ್ಲಿ ಆಟಿಕೆ ಬಂದೂಕಿನ ತುದಿಗೆ ಕಿತ್ತಳೆ ಬಣ್ಣ ಕಡ್ಡಾಯ ಮಾಡಿರೋದು ಸುಮ್ಮನೆ ಅಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ನಕಲಿ ಬಂದೂಕಿನ ಮಾತಿದೆ, ಬಂಧನ ತಪ್ಪಿಸಿಕೊಳ್ಳಲು ಅದನ್ನು ಬಳಸಿದರೂ ಅಪರಾಧವೇ. ಅರ್ಧ ಗಂಟೆ ವಿವರಿಸಿ, ಅಂಗಡಿಯ ಬಿಲ್ಲು ತೋರಿಸಿ, ಆಟೋ ಹಿಡಿದೆ. ಈಗ ಇಂಥದ್ದೇನಿದ್ದರೂ ಮೂರು ಭಾಗವಾಗಿ ಬಿಚ್ಚಿ, ಡಬ್ಬಿಗೆ ಹಾಕಿ, ಮೇಲೆ ದೊಡ್ಡದಾಗಿ ಬರೆದು ಕಳಿಸುತ್ತೇವೆ. ತುದಿಗೆ ಕಿತ್ತಳೆ ಮುಚ್ಚಳವೂ ಜೊತೆಗೆ, ಫೋಟೋಗೆ ನಿಂತಾಗ ಮಾತ್ರ ತೆಗೆಯೋ ಹಾಗೆ.

ಮೇಳ ಮುಗಿದ ಮೇಲೆ ಗಿರಾಕಿ ಅದನ್ನು ವಾಪಸ್ ತಂದ. ದೂರದರ್ಶಕದ ಹಿಂಬದಿಯ ಅಂಚಿನಲ್ಲಿ ಬಣ್ಣ ಎದ್ದು ಕೆಳಗಿನ ಬೂದಿ ಪ್ರೈಮರ್ ಕಾಣುತ್ತಿತ್ತು. ಎರಡು ದಿನ ನಡೆದಾಡಿದಾಗೆಲ್ಲ ಬೆಲ್ಟಿನ ಬಕಲ್ ಅಲ್ಲಿ ಬಡಿದಿದೆ. ನಿಂತಲ್ಲೇ ನೂರು ಸಲ ತೆಗೆದಿಟ್ಟಾಗ ಇದು ಗೊತ್ತಾಗಿರಲಿಲ್ಲ, ನಾನು ಅವನನ್ನು ನಡೆಸಿರಲಿಲ್ಲ. "ಸರಿ ಮಾಡ್ಕೊಡ್ತೀರಾ?" ಅಂತ ಕೇಳಿದ. ಆ ಬೂದಿಯ ಮೇಲೆ ಮಾತ್ರ ಒಂದು ಚೂರು ಗ್ರಾಫೈಟ್ ತಿಕ್ಕಿ, ಎದ್ದ ಬಣ್ಣವನ್ನು ಹಾಗೇ ಬಿಟ್ಟು ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಫೋಟೋ ತೆಗೆದುಕೊಂಡೆ, ನಾಲ್ಕು ಕೋನದಿಂದ.