ಗೆರಟೆಯ ಮೇಲೆ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪ್‌ಗೆ ಹತ್ತು ವರ್ಷ. ಆನ್ ಮಾಡಿಟ್ಟು ಬಾವಿಯಿಂದ ಎರಡು ಕೊಡ ನೀರು ಸೇದಿ ತಂದರೂ ಪರದೆಯ ಮೇಲಿನ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಮೇ ತಿಂಗಳು ಬಂದ ಮೇಲೆ ಇನ್ನೊಂದು ಉಪದ್ರ ಸೇರಿತು: ಎಡ ಅಂಗೈ ಊರುವ ಜಾಗ ದೋಸೆ ಕಾವಲಿಯ ಹಾಗೆ ಕಾಯುತ್ತಿತ್ತು. ಅದರಡಿಯಲ್ಲೇ ಹಾರ್ಡ್ ಡಿಸ್ಕ್.

"ಎಸ್‌ಎಸ್‌ಡಿ ಹಾಕಿ ಸರ್, ಮತ್ತೆ ಬಿಸಿಯೇ ಆಗ್ಲಿಕ್ಕಿಲ್ಲ" ಎಂದ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯ ಹುಡುಗ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಎಲ್ಲ ಉಳಿಸಿಡುವ ಡಿಸ್ಕ್. ನಂಬಿದೆ. 500 ಜಿಬಿಯದ್ದೊಂದು, ಅದನ್ನು ಹೊರಗಿನಿಂದ ಜೋಡಿಸಲು ಒಂದು ಯುಎಸ್‌ಬಿ ಕೇಬಲ್, ಎರಡನ್ನೂ ಕೊಂಡು ಬಿಜೈಯ ಮನೆಗೆ ಬಂದೆ.

ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇದ್ದ ಹಾಗೇ ಇಳಿಸಬೇಕು, ಅಂದರೆ ಕ್ಲೋನ್. ಮಧ್ಯಾಹ್ನ ಊಟ ಮುಗಿಸಿ ಶುರು ಮಾಡಿದೆ. ನಮ್ಮ ಮನೆಯದು ಕೆಂಪು ರೆಡ್ ಆಕ್ಸೈಡ್ ನೆಲ, ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಬುದ್ಧಿವಂತನ ಹಾಗೆ ಲ್ಯಾಪ್‌ಟಾಪನ್ನು ಅದರ ಮೇಲೇ ಇಟ್ಟೆ. ಅರ್ಧ ಗಂಟೆಯಲ್ಲಿ ಡಿಸ್ಕಿನ ಉಷ್ಣತೆ 51, ಆಮೇಲೆ 55, 58. ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 60 ಡಿಗ್ರಿ. ನಿಮಿಷಕ್ಕೆ 5400 ಸುತ್ತು ತಿರುಗುವ ಮುದಿ ತಟ್ಟೆ, ಬಿಡುವಿಲ್ಲದೆ ಓದಿಸಿಕೊಳ್ಳುತ್ತಿದೆ. ಶೇಕಡಾ 41ರಲ್ಲಿ ನಿಲ್ಲಿಸಿದೆ. ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಮಾಡಬೇಕು ಎಂಬುದು ಆಮೇಲೆ ಗೊತ್ತಾಯಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ಎಂತ ಮಾರಾಯ, ನೆಲಕ್ಕೆ ಅಂಟಿಸಿ ಇಟ್ಟಿದ್ದೀಯಲ್ಲ. ಅಡಿಯಿಂದ ಗಾಳಿ ಹೋಗ್ಲಿಕ್ಕೆ ಜಾಗ ಬೇಡವಾ?"

ತಿರುಗಿಸಿ ನೋಡಿದರೆ ಫ್ಯಾನಿಗೆ ಗಾಳಿ ಎಳೆದುಕೊಳ್ಳುವ ಜಾಲರಿ ಇರುವುದು ಅಡಿಯಲ್ಲೇ. ತಣ್ಣನೆಯ ನೆಲ ಅದರ ಮೂಗು ಮುಚ್ಚಿತ್ತು. ದಿನಾ ಬಚ್ಚಲ ಒಲೆಗೆ ಬೆಂಕಿ ಹಾಕುವವರಿಗೆ ಗಾಳಿಯ ದಾರಿ ನಾನು ಹೇಳಿಕೊಡಬೇಕಾಗಿಲ್ಲ. ಅವರೇ ಬಚ್ಚಲಿನ ಮೂಲೆಯಿಂದ ನಾಲ್ಕು ತೆಂಗಿನ ಗೆರಟೆ ತಂದು ಲ್ಯಾಪ್‌ಟಾಪಿನ ಅಡಿಗೆ ಕವುಚಿ ಇಟ್ಟರು.

ಹೇಗೂ ನಿಂತಿದೆಯಲ್ಲ ಎಂದು ಅಡಿಯ ಮುಚ್ಚಳವನ್ನೂ ಬಿಚ್ಚಿದೆ. ನಿಜವಾದ ಕಳ್ಳ ಸಿಕ್ಕಿದ್ದು ಆಗ. ಫ್ಯಾನಿಗೂ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಒಂದು ತುಂಡು ಕಂಬಳಿ! ಘಟ್ಟದ ಮೇಲಾದರೆ ಧೂಳು ಊದಿದರೆ ಹಾರೀತು. ನಮ್ಮ ಕಡಲ ಬದಿಯ ತೇವಕ್ಕೆ ಅದು ಅಂಟಿ, ಹೆಪ್ಪುಗಟ್ಟಿ, ಇಕ್ಕಳದಲ್ಲಿ ಎಳೆದರೆ ಇಡಿಯಾಗಿ ಎದ್ದು ಬಂತು. ಫ್ಯಾನ್ ಗಿರ್ರನೆ ತಿರುಗದ ಹಾಗೆ ಒಂದು ಬೆರಳಲ್ಲಿ ಒತ್ತಿ ಹಿಡಿದು, ಹಳೆಯ ಪೇಂಟ್ ಬ್ರಷ್ಷಿನಿಂದ ಉಜ್ಜಿದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್, ಅಂದರೆ ಅದರ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಲೇಪ, ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಅದನ್ನು ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಇಟ್ಟೆ. ಜಾಸ್ತಿ ಬಳಿದರೆ ತಂಪು ಜಾಸ್ತಿಯಾಗುವುದಿಲ್ಲ, ಗಲೀಜು ಜಾಸ್ತಿಯಾಗುತ್ತದೆ ಅಷ್ಟೇ.

ಸಂಜೆ ಗುಡುಗು ಶುರುವಾಯಿತು, ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿದೆ. ಕ್ಲೋನ್ ನಡುವಲ್ಲಿ ಹೀಗಾಗಿದ್ದರೆ ಎಂದು ನೆನೆಸಿ ಬೆವರಿದೆ, ಬೆವರಲು ಬೇರೆ ಕಾರಣವೂ ಬೇಕಿರಲಿಲ್ಲ.

ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೂತೆ. ಫ್ಯಾನ್ ತಳ್ಳುವುದು ಕೋಣೆಯ ಗಾಳಿಯನ್ನೇ. ಕೋಣೆ 34 ಡಿಗ್ರಿ ಇದ್ದರೆ ಯಂತ್ರ ಅದಕ್ಕಿಂತ ತಣ್ಣಗಾಗುವುದು ಹೇಗೆ? ಆ ಹೊತ್ತಿಗೆ ಕೋಣೆ ಸ್ವಲ್ಪ ಸಹ್ಯವಾಗಿತ್ತು. ಡಿಸ್ಕ್ 46ಕ್ಕೆ ನಿಂತಿತು, ಮೇಲೇರಲಿಲ್ಲ. ಆರೂವರೆಗೆ ಕೆಲಸ ಮುಗಿಯಿತು. ಡಿಸ್ಕ್ ಬದಲಿಸುವುದೆಂದರೆ ಅದನ್ನು ಕೂರಿಸುವ ಚೌಕಟ್ಟಿನ, ಅಂದರೆ ಕ್ಯಾಡಿಯ, ನಾಲ್ಕು ಸ್ಕ್ರೂ ಅಷ್ಟೇ. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7. ಸ್ಕ್ರೂ ಹಿಡಿದದ್ದರಿಂದ ಅಲ್ಲಾಡಲಿಲ್ಲ.

ಈಗ ಒಂದು ಕೊಡ ಸೇದುವುದರೊಳಗೆ ಪರದೆ ಸಿದ್ಧ. ಅಂಗೈ ಸುಡುವುದಿಲ್ಲ. ಆದರೆ ಅಂಗಡಿಯ ಹುಡುಗನ ಮಾತು ಅರ್ಧ ಮಾತ್ರ ಸತ್ಯ. ಹಳೆಯ ಡಿಸ್ಕ್ ತಿನ್ನುತ್ತಿದ್ದದ್ದು ಸುಮಾರು ಎರಡು ವಾಟ್. ನನ್ನ ಪ್ರೊಸೆಸರ್ ಒಂದೇ 15 ವಾಟಿನದ್ದು. ಅದು ಮೊದಲು ವಿಡಿಯೋ ಹಾಕಿದರೆ 94 ಡಿಗ್ರಿ ಮುಟ್ಟುತ್ತಿತ್ತು, ಈಗ 78. ಅದನ್ನು ಇಳಿಸಿದ್ದು ಆ ಕಂಬಳಿ ಕಿತ್ತದ್ದು, ಪೇಸ್ಟ್ ಬದಲಿಸಿದ್ದೇ ಹೊರತು ಸಾವಿರಾರು ರೂಪಾಯಿಯ ಎಸ್‌ಎಸ್‌ಡಿ ಅಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪ್ ಮೇಜಿನ ಮೇಲೆ ಎರಡು ಹಳೆಯ ಡೈರಿಗಳ ಮೇಲೆ ಕೂತಿದೆ. ಸೌದೆ ಒದ್ದೆಯಾಗಿತ್ತಂತೆ, ಗೆರಟೆಗಳನ್ನು ಅಮ್ಮ ಒಲೆಗೆ ಹಾಕಿದ್ದರು.