ಲೋಟ ಎಷ್ಟೊತ್ತಿಗೆ ತುಂಬಿಸಿದೆ?

ಈ ವಾರ ನೋಡಿದ ಒಂದು ಗಾಜಿನ ಲೋಟ ತಲೆಯಿಂದ ಇಳಿಯುತ್ತಲೇ ಇಲ್ಲ. ರಾತ್ರಿ ಜೋಡಿಸಿ ಫ್ರಿಜ್‌ನಲ್ಲಿಟ್ಟ ಹಣ್ಣು-ಮೊಸರಿನ ಪಾರ್ಫೆ, ಅಂದರೆ ಲೋಟದಲ್ಲಿ ಪದರ ಪದರವಾಗಿ ತುಂಬಿದ ತಣ್ಣನೆಯ ತಿನಿಸು. ಬೆಳಿಗ್ಗೆ ತೆಗೆದಾಗ ತಳದಲ್ಲಿ ಬೆರಳುದ್ದ ಗುಲಾಬಿ ಬಣ್ಣದ ನೀರು, ಅದರಲ್ಲಿ ಊದಿಕೊಂಡ ಗ್ರಾನೋಲಾ (ಜೇನು ಬೆರೆಸಿ ಗರಿಗರಿಯಾಗಿ ಹುರಿದ ಓಟ್ಸ್), ನಡುವೆ ಬಿರುಕು ಬಿಟ್ಟ ಮೊಸರು, ಮೇಲೆ ಕಂದು ತಿರುಗಿದ ಬಾಳೆಹಣ್ಣಿನ ಬಿಲ್ಲೆಗಳು. ಮಾಡಿದ ಹುಡುಗ ಒಂದು ಚಮಚ ಬಾಯಿಗಿಟ್ಟು ಮುಖ ಕಿವಿಚಿದ.

"ಮೊಸರೇ ಸರಿಯಿಲ್ಲ ಅಕ್ಕಾ. ಕಹಿ ಬೇರೆ."

"ಮೊಸರಿಗೆ ಯಾಕೋ ಬೈತೀಯ? ಲೋಟ ಎಷ್ಟೊತ್ತಿಗೆ ತುಂಬಿಸಿದೆ?"

"ರಾತ್ರಿ ಹತ್ತಕ್ಕೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಒಲೆ ಹಚ್ಚೋದೇ ಇಲ್ಲ ಇದಕ್ಕೆ, ಒಂದರ ಮೇಲೊಂದು ಹಾಕೋದಷ್ಟೇ."

ಅಕ್ಕ ಪ್ರಶ್ನೆ ಕೇಳಿ ಸುಮ್ಮನಾಗುವ ಸ್ವಭಾವದವರು. ಬಿಡಿಸಿ ಹೇಳುವ ತಾಳ್ಮೆ ಇಲ್ಲ. ಹುಡುಗ ಚುರುಕು, ಆದರೆ ಏನಾದರೂ ಕೆಟ್ಟರೆ ಮೊದಲು ತಪ್ಪನ್ನು ಸಾಮಾನಿನ ಮೇಲೆ ಹಾಕುವವನು. ಹಾಗಾಗಿ ಆ ಪ್ರಶ್ನೆ ಅಲ್ಲೇ ಬಿದ್ದುಹೋಯಿತು. ಆ ಲೋಟದಲ್ಲಿ ಏನೇನಾಗಿತ್ತೋ ಅದಕ್ಕೆಲ್ಲ ಉತ್ತರ ಆ ಪ್ರಶ್ನೆಯಲ್ಲೇ ಇತ್ತು.

ಪಾರ್ಫೆ ಜೋಡಿಸುವಾಗ ಬೇಯಿಸುವ ಕೆಲಸವಿಲ್ಲ, ನಿಜ. ಇರುವ ಕೆಲಸ ಒಂದೇ: ನೀರನ್ನು ಇದ್ದಲ್ಲಿಯೇ ಇರಿಸುವುದು. ಸ್ಟ್ರಾಬೆರಿಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. ಸಾದಾ ಮೊಸರಿನಲ್ಲಿ 85ಕ್ಕಿಂತ ಹೆಚ್ಚು. ಗ್ರಾನೋಲಾದಲ್ಲಿ ಐದೂ ಇರುವುದಿಲ್ಲ, ಅದು ಗರಿಗರಿಯಾಗಿರುವುದೇ ಆ ಕಾರಣಕ್ಕೆ. ಈ ಮೂರನ್ನೂ ಒಂದಕ್ಕೊಂದು ತಾಗಿಸಿ ಇಟ್ಟ ಕ್ಷಣದಿಂದ ನೀರು ಹಸಿಯಿಂದ ಒಣಗಿದ್ದರ ಕಡೆಗೆ ಹೊರಡುತ್ತದೆ. ಫ್ರಿಜ್‌ನ ತಂಪು ಅದನ್ನು ಸ್ವಲ್ಪ ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಫ್ರಾನ್ಸಿನ ಹಳೆಯ ಪಾರ್ಫೆಯಲ್ಲಿ ಈ ತಲೆನೋವು ಇಲ್ಲ. ಮೊಟ್ಟೆಯ ಹಳದಿ, ಸಕ್ಕರೆ ಪಾಕ, ಕ್ರೀಮ್ ಸೇರಿಸಿ ಹೆಪ್ಪುಗಟ್ಟಿಸುವ ತಿನಿಸು ಅದು. ನೀರಿನ ಬಹುಪಾಲು ಮಂಜಾಗಿ ಇದ್ದಲ್ಲೇ ನಿಂತಿರುತ್ತದೆ. ಲೋಟದಲ್ಲಿ ಪದರ ಪದರವಾಗಿ ಜೋಡಿಸುವ ಮೊಸರಿನ ಪಾರ್ಫೆಯಲ್ಲಿ ಅಂಥ ಬೀಗ ಇಲ್ಲ. ಹತ್ತು ಗಂಟೆಗೆ ತುಂಬಿಸಿದ್ದಕ್ಕೂ ಬೆಳಿಗ್ಗೆಯ ಗುಲಾಬಿ ನೀರಿಗೂ ಇರುವ ಸಂಬಂಧ ಇಷ್ಟೇ.

ಮೊಸರಿನಿಂದ ಶುರು ಮಾಡೋಣ, ಬೈಸಿಕೊಂಡದ್ದು ಅದೇ ತಾನೇ. ಎರಡು ಲೋಟಕ್ಕೆ 500 ಗ್ರಾಂ ಕೆನೆಭರಿತ, ಹುಳಿಯಾಗದ ಮೊಸರು ಬೇಕು. ಜರಡಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಕೆಳಗೆ ಪಾತ್ರೆ ಇಟ್ಟು, ಮೊಸರು ಸುರಿದು ಮುಚ್ಚಿ ಫ್ರಿಜ್‌ನಲ್ಲಿಡಬೇಕು. ನಾಲ್ಕೈದು ಗಂಟೆಯಲ್ಲಿ ಸುಮಾರು 250ರಿಂದ 300 ಗ್ರಾಂ ಉಳಿಯುತ್ತದೆ. ಚಮಚದಲ್ಲಿ ಎತ್ತಿ ಓರೆ ಮಾಡಿದರೆ ಜಾರದೆ ಕೂತಿದ್ದರೆ ಅದು ಹದ. ರಾತ್ರಿಯಿಡೀ ಬಿಟ್ಟರೆ ಗಟ್ಟಿ ಚೀಸಿನ ಹಾಗಾಗಿ ಹಣ್ಣಿನೊಂದಿಗೆ ಬೆರೆಯುವುದೇ ಇಲ್ಲ. ಹಾಗಾದರೆ ಸೋಸಿದ ನೀರನ್ನೇ ಒಂದೆರಡು ಚಮಚ ವಾಪಸ್ ಸೇರಿಸಿ ಸರಿಮಾಡಬಹುದು. ಬಟ್ಟೆಯನ್ನು ಹಿಂಡಬಾರದು. ಹಿಂಡಿದರೆ ನೀರಿನ ಜೊತೆ ಮೊಸರೂ ಇಳಿದು, ಉಳಿದದ್ದು ತರಿತರಿಯಾಗುತ್ತದೆ. ಅಂಗಡಿಯ ಗ್ರೀಕ್ ಯೋಗರ್ಟ್ ತಂದರೆ ಈ ಹಂತವೇ ಬೇಡ, ಆದರೆ ಪದಾರ್ಥಗಳ ಪಟ್ಟಿ ನೋಡಿ ತನ್ನಿ. ಕೆಲವು ಸೋಸಿ ಗಟ್ಟಿಯಾದವು, ಕೆಲವು ಪಿಷ್ಟವೋ ಜೆಲಟಿನ್ನೋ ಹಾಕಿ ಗಟ್ಟಿ ಮಾಡಿದವು.

ಇನ್ನು ಕಡೆಯುವ ಚಟ. ಮೊಸರು ನುಣ್ಣಗಾಗಲಿ ಎಂದು ಬೀಟರ್ ಹಾಕುವವರು ಬಹಳ. ಮೊಸರು ಗಟ್ಟಿಯಾಗಿ ನಿಂತಿರುವುದು ಹಾಲಿನ ಪ್ರೋಟೀನು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿರುವುದರಿಂದ. ಜೋರಾಗಿ ಕಡೆದರೆ ಆ ಬಲೆ ಹರಿಯುತ್ತದೆ, ಮೊಸರು ತೆಳುವಾಗುತ್ತದೆ. ಚಮಚದ ಬೆನ್ನಿನಿಂದ ನಾಲ್ಕೈದು ಸಲ ಮಡಚಿದರೆ ಸಾಕು. ಸಿಹಿಯನ್ನೂ ಆಗಲೇ, ಕಡಿಮೆ ಹಾಕಬೇಕು: ಎರಡು ಲೋಟದ ಮೊಸರಿಗೆ ಎರಡು ಟೀ ಚಮಚ ಜೇನು, ಚಿಟಿಕೆಗೂ ಕಡಿಮೆ ಉಪ್ಪು. ಉಪ್ಪು ಯಾಕೆ ಎನ್ನುವವರು ಒಮ್ಮೆ ಹಾಕಿ ನೋಡಲಿ. ಇನ್ನೂ ಸಿಹಿ ಬೇಕಿದ್ದರೆ ತಿನ್ನುವ ಮುಂಚೆ ಮೇಲಿಂದ ಸುರಿದುಕೊಳ್ಳಬಹುದು. ಒಂದು ವರ್ಷ ತುಂಬದ ಮಗುವಿಗೆ ಕೊಡುವುದಿದ್ದರೆ ಜೇನು ಬೇಡವೇ ಬೇಡ.

ಕಹಿಗೆ ಬರೋಣ. ಆ ಲೋಟದ ನಡುವಿನ ಪದರ ಹಸಿರು ಕಿವಿ ಹಣ್ಣಿನದ್ದು. ಮೊಸರು ಬಿರುಕು ಬಿಟ್ಟದ್ದೂ ಅಲ್ಲೇ, ಅದನ್ನು ನೋಡಿದ ಮೇಲೂ ಮೊಸರಿನ ಮೇಲೆಯೇ ತಪ್ಪು ಹೊರಿಸಿದರೆ ಏನು ಹೇಳುವುದು! ಹಸಿ ಕಿವಿ, ಅನಾನಸ್, ಪಪ್ಪಾಯಿ, ಅಂಜೂರ ಇವುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಕಿವಿಯದ್ದು ಆಕ್ಟಿನಿಡಿನ್, ಅನಾನಸಿನದ್ದು ಬ್ರೊಮಿಲೇನ್, ಪಪ್ಪಾಯಿಯದ್ದು ಪಪೇನ್. ಮೊಸರಿನ ಪ್ರೋಟೀನು ತುಂಡಾದಾಗ ಹುಟ್ಟುವ ಕೆಲವು ಚೂರುಗಳೇ ಕಹಿ. ಬಲೆ ಹರಿದಲ್ಲೆಲ್ಲ ನೀರು ಹೊರಬೀಳುತ್ತದೆ. ಕತ್ತರಿಸಿ ಹಾಕಿ ಹತ್ತು ನಿಮಿಷದಲ್ಲಿ ತಿಂದು ಮುಗಿಸಿದರೆ ಏನೂ ಗೊತ್ತಾಗದು. ಒಂದು ರಾತ್ರಿ ಅಂದರೆ ಕಿಣ್ವಕ್ಕೆ ಬೇಕಾದಷ್ಟು ಪುರುಸೊತ್ತು. ಆ ಹಣ್ಣೇ ಬೇಕೆಂದಿದ್ದರೆ ತುಂಡುಗಳನ್ನು ಐದು ನಿಮಿಷ ಚೆನ್ನಾಗಿ ಕುದಿಸಿ ತಣಿಸಿ ಹಾಕಬೇಕು, ಕಾವಿಗೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ಈಗಾಗಲೇ ಕಾವು ಕಂಡಿರುವುದರಿಂದ ತೊಂದರೆ ಕೊಡುವುದಿಲ್ಲ.

ಉಳಿದ ಹಣ್ಣುಗಳ ವಿಚಾರದಲ್ಲಿ ಜನ ಮಾಡುವ ಎಡವಟ್ಟು ತೊಳೆಯುವಲ್ಲೇ ಶುರುವಾಗುತ್ತದೆ. ತೊಳೆದದ್ದನ್ನು ಒರೆಸದೆ ಹಾಕುತ್ತಾರೆ. ಇಡಿಯಾಗಿಯೇ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಆಮೇಲೆ ಕತ್ತರಿಸಬೇಕು. ತುಂಡುಗಳನ್ನೂ ಐದು ನಿಮಿಷ ಟಿಶ್ಯೂ ಮೇಲಿಟ್ಟರೆ ಒಳ್ಳೆಯದು. ಹೋಳು ಒಂದೂವರೆ ಸೆಂಟಿಮೀಟರ್ ಇರಲಿ. ತೀರಾ ಸಣ್ಣಗೆ ಹೆಚ್ಚಿದಷ್ಟೂ ಕೊಯ್ದ ಮೈ ಹೆಚ್ಚು, ರಸ ಸೋರುವುದೂ ಹೆಚ್ಚು. ಹಣ್ಣಿಗೆ ಸಕ್ಕರೆ ಉದುರಿಸಿಟ್ಟರೆ ಅದು ಒಳಗಿನ ನೀರನ್ನೆಲ್ಲ ಹೊರಗೆಳೆಯುತ್ತದೆ. ಸಾಸ್ ಮಾಡುವುದಿದ್ದರೆ ಅದೇ ಬೇಕಾದದ್ದು, ಪದರಕ್ಕಾದರೆ ಅದೇ ಶನಿ. ಫ್ರೀಜರ್‌ನ ಹಣ್ಣಿನಲ್ಲಿ ಮಂಜಿನ ಹರಳುಗಳು ಕೋಶಗಳನ್ನು ಮೊದಲೇ ಒಡೆದಿರುತ್ತವೆ. ಅದನ್ನು ಜರಡಿಯಲ್ಲಿ ಕರಗಿಸಿ, ಇಳಿದ ರಸವನ್ನು ಬೇರೆಯಾಗಿ ಕುದಿಸಿ ಅರ್ಧಕ್ಕಿಳಿಸಿದರೆ ಒಳ್ಳೆಯ ಪಾಕ ಸಿಗುತ್ತದೆ. ಬಾಳೆ, ಸೇಬಿನ ಹೋಳಿಗೆ ಅರ್ಧ ಚಮಚ ನಿಂಬೆರಸ ಸವರಿದರೆ ಕಂದಾಗುವುದು ತಡವಾಗುತ್ತದೆ. ತಡವಾಗುತ್ತದೆ ಅಷ್ಟೇ, ಬೆಳಿಗ್ಗೆವರೆಗೆ ಕಾಯುವುದಿಲ್ಲ.

ರಾತ್ರಿಯೇ ತುಂಬಿಸಿಡಲೇಬೇಕೆಂದರೆ ಸಿಪ್ಪೆ ಒಡೆಯದ ಹಣ್ಣುಗಳನ್ನು ನೆಚ್ಚಬಹುದು: ದಾಳಿಂಬೆ ಕಾಳು, ಇಡೀ ದ್ರಾಕ್ಷಿ, ಇಡೀ ಬ್ಲೂಬೆರಿ.

ಗ್ರಾನೋಲಾ ಮನೆಯಲ್ಲೇ ಮಾಡುವುದು ಸುಲಭ. 100 ಗ್ರಾಂ ಚಪ್ಪಟೆ ಓಟ್ಸ್, 40 ಗ್ರಾಂ ಕುಟ್ಟಿದ ಬಾದಾಮಿ, ಎರಡು ದೊಡ್ಡ ಚಮಚ ಎಣ್ಣೆ, ಎರಡು ದೊಡ್ಡ ಚಮಚ ಜೇನು, ಚಿಟಿಕೆ ಉಪ್ಪು ಬೆರೆಸಿ ತಟ್ಟೆಯಲ್ಲಿ ತೆಳುವಾಗಿ ಹರಡಿ, 150 ಡಿಗ್ರಿ ಒವನ್‌ನಲ್ಲಿ 20ರಿಂದ 25 ನಿಮಿಷ. ನಡುವೆ ಒಮ್ಮೆ ತಿರುವಬೇಕು. ಬಿಸಿಯಿದ್ದಾಗ ಮೆತ್ತಗೇ ಇರುತ್ತದೆ. ಇನ್ನೂ ಆಗಿಲ್ಲ ಎಂದು ಮತ್ತೆ ಒಳಗಿಟ್ಟು ಕರಕಲು ಮಾಡುವವರೇ ಜಾಸ್ತಿ. ಅಂಚು ಹೊಂಬಣ್ಣಕ್ಕೆ ತಿರುಗಿದರೆ ತೆಗೆಯಿರಿ, ತಣಿಯುತ್ತಾ ಗರಿಗರಿಯಾಗುತ್ತದೆ. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿದರೆ ಹಬೆ ಒಳಗೇ ನೀರಾಗಿ ಎಲ್ಲ ಹಾಳು.

ಜೋಡಿಸುವುದಕ್ಕೆ ಒಂದು ಕ್ರಮವಿದೆ. ಒದ್ದೆಯಾದದ್ದು ಕೆಳಗೆ, ಒಣಗಿದ್ದು ಮೇಲೆ. ಗ್ರಾನೋಲಾವನ್ನು ತಳಕ್ಕೆ ಹಾಕುವ ಪದ್ಧತಿ ಯಾರು ತಂದರೋ! ನೀರು ಇಳಿಯುವುದೇ ತಳಕ್ಕೆ. ತಳದಲ್ಲಿ ಇರಬೇಕಾದದ್ದು ಬೇಯಿಸಿದ ಹಣ್ಣು: ಎರಡು ಲೋಟಕ್ಕೆ 150 ಗ್ರಾಂ ಸ್ಟ್ರಾಬೆರಿ, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ನಿಂಬೆರಸ, ಸೌಟು ಎಳೆದರೆ ದಾರಿ ಉಳಿಯುವ ತನಕ ಆರೇಳು ನಿಮಿಷ ಕುದಿಸಿ, ಪೂರ್ತಿ ತಣಿಸಿದ್ದು. ಬೆಚ್ಚಗಿದ್ದರೆ ಮೊಸರು ಕರಗಿ ಇಳಿಯುತ್ತದೆ. ಅದರ ಮೇಲೆ ಲೋಟವೊಂದಕ್ಕೆ ಮೂರು ದೊಡ್ಡ ಚಮಚ ಮೊಸರು, ಸುಮಾರು 50 ಗ್ರಾಂ ಒಣ ಹೋಳು, ಮತ್ತೆ ಮೂರು ಚಮಚ ಮೊಸರು. ಕೊನೆಗೆ, ಚಮಚ ಕೈಗೆ ತೆಗೆದುಕೊಂಡ ಮೇಲೆ, 25ರಿಂದ 30 ಗ್ರಾಂ ಗ್ರಾನೋಲಾ. ಮೊಸರನ್ನು ಲೋಟದ ನಡುವೆ ಹಾಕಿ ಚಮಚದಿಂದ ಅಂಚಿಗೆ ತಳ್ಳಿದರೆ ಗೋಡೆಗೆ ಮೆತ್ತುವುದಿಲ್ಲ. ಮೆತ್ತಿದರೆ ಮುಂದಿನ ಪದರಕ್ಕೆ ಮುಂಚೆ ಟಿಶ್ಯೂದಿಂದ ಒರೆಸಿ. ನಡುವೆಯೂ ಗರಿಗರಿ ಬೇಕೆನ್ನುವವರು ಗ್ರಾನೋಲಾಕ್ಕೆ ಕರಗಿಸಿದ ಚಾಕೊಲೇಟ್ ಸವರಿ ಗಟ್ಟಿಯಾಗಲು ಬಿಡಬಹುದು. ಕೊಬ್ಬಿನ ಲೇಪ ನೀರನ್ನು ಕೆಲವು ಹೊತ್ತು ತಡೆಯುತ್ತದೆ.

ಲೋಟ ಅಗಲ, ಗಿಡ್ಡ ಇರಲಿ, 250ರಿಂದ 300 ಮಿಲಿ ಹಿಡಿಸುವಂಥದ್ದು. ಉದ್ದ ಲೋಟ ಫೋಟೊಕ್ಕೆ ಚಂದ. ತಿನ್ನುವಾಗ ಮೊದಲ ಹತ್ತು ಚಮಚ ಬರೀ ಮೊಸರು, ಕೊನೆಯ ಐದು ಬರೀ ಹಣ್ಣು. ಪದರ ಹಾಕುವುದು ಒಂದೇ ಚಮಚದಲ್ಲಿ ಮೂರೂ ಬಾಯಿಗೆ ಬರಲಿ ಎಂದಲ್ಲವೇ?

ಆ ಹುಡುಗನನ್ನೇ ಪೂರ್ತಿ ದೂರುವಂತಿಲ್ಲ. "ರಾತ್ರಿಯೇ ಮಾಡಿಟ್ಟರೆ ಬೆಳಿಗ್ಗೆ ತಿಂಡಿ ರೆಡಿ" ಎಂದು ಬರೆಯುವವರ ಚಿತ್ರಗಳನ್ನು ನೋಡಿ. ಹೋಳಿನ ಅಂಚು ಚೂಪು, ಗ್ರಾನೋಲಾ ಒಣಒಣ. ಜೋಡಿಸಿದ ಐದು ನಿಮಿಷಕ್ಕೆ ತೆಗೆದ ಚಿತ್ರ ಅದು. ಬೆಳಿಗ್ಗೆಯ ಚಿತ್ರ ಯಾರೂ ಹಾಕುವುದಿಲ್ಲ. ಅಳತೆ ಕೊಡುತ್ತಾರೆ, ಸಾಮಾನಿನ ಹೆಸರು ಕೊಡುತ್ತಾರೆ, ಎಷ್ಟು ಹೊತ್ತು ತಡೆಯುತ್ತದೆ ಎನ್ನುವುದನ್ನು ಮಾತ್ರ ನುಂಗಿಬಿಡುತ್ತಾರೆ. ಕೆಟ್ಟಾಗ ಓದಿದವರು ಮಾಡುವುದೂ ಅದೇ: ಬೇರೆ ಮೊಸರು ತರುತ್ತಾರೆ, ಬೇರೆ ಓಟ್ಸ್ ತರುತ್ತಾರೆ. ಸಾಮಾನು ಬದಲಿಸುವುದು ಕೈಗೆಟುಕುವ ಕೆಲಸ, ಗಡಿಯಾರ ನೋಡುವುದು ಯಾಕೋ ಯಾರಿಗೂ ಹೊಳೆಯುವುದಿಲ್ಲ. ಕೆಲಸ, ಸಂಸಾರಗಳಲ್ಲೂ ಹೀಗೇ ಅಲ್ಲವೇ, ಕೆಟ್ಟದ್ದು ಏನು ಎಂದು ಹುಡುಕುವವರು ಬಹಳ, ಯಾವಾಗಿಂದ ಎಂದು ಕೇಳುವವರು ಕಮ್ಮಿ.

"ಒಲೆ ಹಚ್ಚೋದೇ ಇಲ್ಲ" ಎನ್ನುವ ಮಾತೂ ಚುಚ್ಚುತ್ತಲೇ ಇದೆ. ಒಲೆಯ ಮೇಲಿನ ಅಡುಗೆಗೆ ಎರಡನೇ ಅವಕಾಶವಿದೆ. ನೀರಾದರೆ ಇನ್ನೊಂದು ಕುದಿ, ಸಪ್ಪೆಯಾದರೆ ಇನ್ನೊಂದು ಚಿಟಿಕೆ. ಇಲ್ಲಿ ಮೆತ್ತಗಾದ ಗ್ರಾನೋಲಾವನ್ನು ಲೋಟದೊಳಗೇ ಮತ್ತೆ ಗರಿಗರಿ ಮಾಡುವ ಉಪಾಯವಿಲ್ಲ, ಕಹಿಯಾದ ಮೊಸರನ್ನು ಮರಳಿಸುವ ಉಪಾಯವೂ ಇಲ್ಲ. ಬೆಂಕಿ ಇಲ್ಲದ ಕೆಲಸವನ್ನು ಅಡುಗೆಯ ಲೆಕ್ಕಕ್ಕೇ ತೆಗೆದುಕೊಳ್ಳದವರು ಸೋಸುವುದು, ಒರೆಸುವುದು, ತಣಿಸುವುದು, ಕಾಯುವುದು ಇದನ್ನೆಲ್ಲ ಯಾವ ಲೆಕ್ಕಕ್ಕೆ ಹಾಕುತ್ತಾರೋ.

ಬೆಳಿಗ್ಗೆ ಸಮಯವಿಲ್ಲದವರಿಗೆ ದಾರಿ ಇಲ್ಲವೆಂದಲ್ಲ. ರಾತ್ರಿ ಮೊಸರು ಸೋಸಿ ಜೇನು ಬೆರೆಸಿ ಒಂದು ಡಬ್ಬಿ, ಬೇಯಿಸಿದ ಹಣ್ಣು ಇನ್ನೊಂದು, ತೊಳೆದು ಆರಿಸಿದ ಇಡೀ ಹಣ್ಣು ಮತ್ತೊಂದು. ಗ್ರಾನೋಲಾ ಫ್ರಿಜ್‌ನ ಹೊರಗೆ, ಗಾಳಿಯಾಡದ ಡಬ್ಬಿಯಲ್ಲಿ. ಬೆಳಿಗ್ಗೆ ಕತ್ತರಿಸಿ ಜೋಡಿಸಲು ಮೂರು ನಿಮಿಷ. ಹೊರಗೆ ಒಯ್ಯುವುದಿದ್ದರೆ ಬಾಟಲಿಯಲ್ಲಿ ಹಣ್ಣು, ಮೊಸರು ತುಂಬಿ, ಗ್ರಾನೋಲಾವನ್ನು ಪುಟ್ಟ ಪೊಟ್ಟಣದಲ್ಲಿ ಬೇರೆಯಾಗಿಯೇ ಒಯ್ಯಬೇಕು. ತಂಪಿನ ವ್ಯವಸ್ಥೆ ಇಲ್ಲದೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬಿಸಿಲಿನ ದಿನವಾದರೆ ಇನ್ನೂ ಬೇಗ ತಿಂದುಬಿಡಿ. ಸೋಸಿ ಉಳಿದ ನೀರನ್ನು ಚೆಲ್ಲಬೇಡಿ. ರೊಟ್ಟಿ, ಬ್ರೆಡ್ ಹಿಟ್ಟು ಕಲಸಲು ನೀರಿನ ಬದಲಿಗೆ ಹಾಕಬಹುದು, ಮುಚ್ಚಿಟ್ಟರೆ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ.