ಹುಣ್ಣಿಮೆ ದಿನ ಹ್ವೇ ಊರಿನ ಊಟ

ಅಮ್ಮನನ್ನು ವಿಯೆಟ್ನಾಂಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ನೆಂಟರಿಷ್ಟರಲ್ಲಿ ಒಬ್ಬರೂ ಒಳ್ಳೆಯ ಮಾತಾಡಲಿಲ್ಲ. ಅಲ್ಲಿ ಹರಿದಾಡೋದು, ಈಜೋದು, ಹಾರೋದು ಎಲ್ಲವನ್ನೂ ತಿನ್ನುತ್ತಾರೆ, ಮೊಟ್ಟೆಯನ್ನೂ ಮುಟ್ಟದ ನಿಮ್ಮಮ್ಮ ಬರೀ ಬಾಳೆಹಣ್ಣು ತಿಂದು ವಾಪಸ್ ಬರಬೇಕು ಅಂತ ಚಿಕ್ಕಮ್ಮ ಫೋನ್ ಮಾಡಿ ಹೇಳಿದರು. ಅಮ್ಮ ವಾದ ಮಾಡಲಿಲ್ಲ. ಸೂಟ್‌ಕೇಸಿನ ಅರ್ಧಕ್ಕೆ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ಟು, ಉಪ್ಪಿನಕಾಯಿ ಡಬ್ಬಿ ತುಂಬಿಕೊಂಡಳು. ನಾನು ಬಟ್ಟೆ ಕಮ್ಮಿ ಮಾಡಿಕೊಂಡೆ.

ಹನೋಯ್‌ನಲ್ಲಿ ಇಳಿದ ಮೇಲೆ ಚಿಕ್ಕಮ್ಮನ ಮಾತು ಪೂರ್ತಿ ಸುಳ್ಳಲ್ಲ ಅನ್ನಿಸಿತು. ಹಳೇ ಪೇಟೆಯ ಗಲ್ಲಿಗಳಲ್ಲಿ ಬೆಳಕು ಹರಿಯೋದೇ ತಡ, ಫುಟ್‌ಪಾತ್ ಮೇಲೆ ಮೊಣಕಾಲುದ್ದದ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಜನ ಫೋ ತಿನ್ನುತ್ತಿರುತ್ತಾರೆ. ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ, ಸುಟ್ಟ ಶುಂಠಿ, ಚಕ್ಕೆ, ಚಕ್ರಮೊಗ್ಗು ಹಾಕಿದ ತಿಳಿಸಾರು, ಅದರೊಳಗೆ ಅಕ್ಕಿ ಶಾವಿಗೆ. ಪರಿಮಳಕ್ಕೆ ಅಮ್ಮನ ನಡಿಗೆ ನಿಧಾನವಾಗುತ್ತಿತ್ತು. ಬಟ್ಟಲಿನೊಳಗೆ ಕಣ್ಣು ಬಿದ್ದ ತಕ್ಷಣ ಮತ್ತೆ ಜೋರಾಗುತ್ತಿತ್ತು.

ಮಾಂಸವಾದರೆ ಕಣ್ಣಿಗೆ ಕಾಣುತ್ತೆ, ಬಿಡಬಹುದು. ಕಷ್ಟ ಇರುವುದು ನುವೊಕ್ ಮಾಮ್‌ನಲ್ಲಿ. ಪುಟ್ಟ ಮೀನುಗಳನ್ನು ಉಪ್ಪಿನ ಜೊತೆ ದೊಡ್ಡ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ರಸ ಅದು. ಉಪ್ಪು ಬೇಕಾದ ಕಡೆಯೆಲ್ಲ ಅದೇ ಬೀಳುತ್ತೆ. ಬರೀ ಸೊಪ್ಪಿಗೆ ಬೆಳ್ಳುಳ್ಳಿ ಹಾಕಿ ಹುರಿದುಕೊಡಿ ಅಂದರೂ ಕೊನೆಗೊಂದು ಚಮಚ ಸುರಿದುಬಿಡುತ್ತಾರೆ. ಅವರ ಲೆಕ್ಕದಲ್ಲಿ ಅದು ಮೀನೇ ಅಲ್ಲ, ಉಪ್ಪು ಅಷ್ಟೇ. ಹಾಗಾಗಿ ಹನೋಯ್‌ನಲ್ಲಿ ಇದ್ದಷ್ಟೂ ದಿನ ಅಮ್ಮನಿಗೆ ಅವಲಕ್ಕಿ, ಹಣ್ಣು, ಬ್ರೆಡ್ಡು. ಅಲ್ಲಿಯ ಹೆಸರುವಾಸಿ ಮೊಟ್ಟೆ ಕಾಫಿಗೆ ನಾನೊಬ್ಬನೇ ಹೋದೆ. 1946ರಲ್ಲಿ ಹಾಲು ಸಿಗದೇ ಇದ್ದಾಗ ಹೋಟೆಲ್ ಕೆಲಸಗಾರರೊಬ್ಬರು ಹಳದಿಯನ್ನು ಸಕ್ಕರೆ ಜೊತೆ ನೊರೆ ಬರುವ ತನಕ ಕಡೆದು ಕಾಫಿ ಮೇಲೆ ಸುರಿದರಂತೆ, ಅದೇ ನಿಂತುಬಿಟ್ಟಿತು. ಚೆನ್ನಾಗಿದೆ. ಒಂದು ಲೋಟ ಸಾಕು, ಎರಡನೆಯದು ಇಳಿಯಲ್ಲ.

ರಾತ್ರಿ ರೈಲು ಹಿಡಿದು ದಕ್ಷಿಣಕ್ಕೆ, ಹ್ವೇಗೆ ಹೊರಟೆವು. ಹನೋಯ್‌ನಿಂದ ಸೈಗಾನ್‌ವರೆಗಿನ 1,726 ಕಿಲೋಮೀಟರ್ ಹಳಿಯಲ್ಲಿ ಇದು ಅರ್ಧಕ್ಕಿಂತ ಕಮ್ಮಿ ದೂರ, ಆದರೂ ಬೆಳಗಾಗುತ್ತೆ. ನಾಲ್ಕು ಮಂದಿಯ ಬೋಗಿಕೋಣೆಯಲ್ಲಿ ನಮ್ಮ ಜೊತೆ ವಯಸ್ಸಾದ ಗಂಡ ಹೆಂಡತಿ ಇದ್ದರು. ಹತ್ತಿದ ಐದು ನಿಮಿಷಕ್ಕೆ ಆ ಹೆಂಗಸು ಫೋನಿನ ಅನುವಾದದ ಆ್ಯಪ್ ತೆರೆದು ಅಮ್ಮನ ವಯಸ್ಸೆಷ್ಟು ಅಂತ ಕೇಳಿದರು. ಆಮೇಲೆ ನನ್ನದು. ಆಮೇಲೆ ನನಗೆ ಮದುವೆ ಆಗಿದೆಯಾ ಅಂತ. ವಯಸ್ಸು ಗೊತ್ತಾಗದೆ ಅಲ್ಲಿ ಮಾತೇ ಮುಂದುವರಿಯಲ್ಲ, ಅಕ್ಕನೋ ತಂಗಿಯೋ ಅಂತ ಕರೆಯಬೇಕಲ್ಲ. ಅಮ್ಮನಿಗೆ ಇದು ತುಂಬಾ ಹಿಡಿಸಿತು. ಬಸ್ಸಿನಲ್ಲಿ ಪಕ್ಕ ಕೂತವರನ್ನು ಅವಳು ಕೇಳುವುದೂ ಇದನ್ನೇ. ಚಕ್ಕೋತದ ತೊಳೆಗೆ ಉಪ್ಪು ಖಾರ ಅದ್ದಿ ತಿನ್ನುತ್ತಾ ಇಬ್ಬರೂ ಮೊಮ್ಮಕ್ಕಳ ಫೋಟೋ ತೋರಿಸಿಕೊಂಡರು. ನಾನು ಮೇಲಿನ ಬರ್ತ್‌ಗೆ ಹತ್ತಿ ಮಲಗಿದೆ.

ಹ್ವೇಯಲ್ಲಿ ನಾವು ಉಳಿದದ್ದು ಒಂದು ಮನೆಯಲ್ಲಿ, ಮಹಡಿ ಮೇಲಿನ ಕೋಣೆ. ಮನೆಯೊಡತಿಗೆ ಐವತ್ತರ ಹತ್ತಿರ, ನಾವು ಅಕ್ಕ ಅಂತಲೇ ಕರೆದೆವು. ಊಟದ ವಿಷಯ ಎತ್ತುವ ಮೊದಲೇ ಅವರೇ ಹೇಳಿದರು, ನಾಳೆ ಹುಣ್ಣಿಮೆ, ಮನೆಯಲ್ಲೆಲ್ಲಾ ಚಾಯ್ ಅಂತ. ಚಾಯ್ ಅಂದರೆ ಸಸ್ಯಾಹಾರ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿಯ ಎಷ್ಟೋ ಬೌದ್ಧರು ಮಾಂಸ, ಮೀನು ಬಿಡುತ್ತಾರೆ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅದರಲ್ಲೂ ನಾಳೆಯದು ನಾಲ್ಕನೇ ತಿಂಗಳ ಹುಣ್ಣಿಮೆ, ನಮ್ಮ ಲೆಕ್ಕದಲ್ಲಿ ಬುದ್ಧ ಪೂರ್ಣಿಮೆ. ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು, "ಈರುಳ್ಳೀನೂ ಇಲ್ವಂತಾ?" ಅಂತ ನನ್ನನ್ನು ಎರಡು ಸಲ ಕೇಳಿದಳು.

ಬೆಳಿಗ್ಗೆ ಎದ್ದಾಗ ಓಣಿಯ ತುಂಬಾ ಊದುಬತ್ತಿ ಹೊಗೆ. ಮನೆ ಮನೆ ಮುಂದೆ ಸಣ್ಣ ಮೇಜು, ಅದರ ಮೇಲೆ ಹೂವು, ಹಣ್ಣು, ನೀರಿನ ಲೋಟ. ನಾವು ನೇರ ಡೊಂಗ್ ಬಾ ಮಾರ್ಕೆಟ್ಟಿಗೆ ಹೋದೆವು. ನದಿ ದಡದ ದೊಡ್ಡ ಸಂತೆ ಅದು, ಒಳಗೆ ಹೊಕ್ಕರೆ ಒಣಮೀನಿನ ಸಾಲು, ಟೋಪಿಗಳ ಸಾಲು, ಆಮೇಲೆ ತಿಂಡಿಯ ಸಾಲು. ಹಿಂದಿನ ದಿನದವರೆಗೂ ಸಿಗಡಿ, ಹಂದಿ ಅಂತ ಇಟ್ಟಿದ್ದ ಅಂಗಡಿಗಳೇ ಅವತ್ತು 'ಚಾಯ್' ಅನ್ನುವ ರಟ್ಟಿನ ಬೋರ್ಡು ನೇತುಹಾಕಿದ್ದವು.

ಒಬ್ಬ ಅಜ್ಜಿಯ ಮುಂದೆ ಕೂತೆವು. ಮೊದಲು ಬಂದದ್ದು ಬಾನ್ ಬೆಯೊ. ಅಂಗೈಯೊಳಗೆ ಅಡಗುವ ಪಿಂಗಾಣಿ ಬಟ್ಟಲುಗಳಲ್ಲಿ ಅಕ್ಕಿಹಿಟ್ಟನ್ನು ತೆಳ್ಳಗೆ ಹುಯ್ದು ಹಬೆಯಲ್ಲಿ ಬೇಯಿಸಿರುತ್ತಾರೆ. ಬೇರೆ ದಿನ ಮೇಲೆ ಸಿಗಡಿ ಪುಡಿ ಉದುರಿಸುತ್ತಾರೆ, ಅವತ್ತು ಬೇಯಿಸಿ ಮಸೆದ ಹೆಸರುಬೇಳೆ, ಅಣಬೆ, ಹುರಿದ ಬ್ರೆಡ್ಡಿನ ಚೂರು. ಜೊತೆಗೆ ಮೀನಿಲ್ಲದ, ಸೋಯಾದಿಂದ ಮಾಡಿದ ಮಾಮ್. ಬಿದಿರಿನ ಚಪ್ಪಟೆ ಕಡ್ಡಿಯಿಂದ ಬಟ್ಟಲಿನ ಅಂಚು ಬಿಡಿಸಿ ಎತ್ತಬೇಕು. ಅಮ್ಮ ಮೊದಲನೆಯದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. "ಕಡುಬಿನ ಹಿಟ್ಟನ್ನ ನೀರು ಜಾಸ್ತಿ ಮಾಡಿ ಬೇಯಿಸಿದ್ರೆ ಹೀಗೇ ಆಗುತ್ತೆ" ಅಂದಳು. ಆಮೇಲೆ ಮಾತೇ ಇಲ್ಲ, ಬಟ್ಟಲುಗಳು ಒಂದರ ಮೇಲೊಂದು ಏರುತ್ತಾ ಹೋದವು.

ಮುಂದಿನದು ಬುನ್ ಬೊ, ಹ್ವೇಯ ಖಾರದ ಶಾವಿಗೆ ಸಾರು. ಚಾಯ್ ದಿನ ಅದಕ್ಕೆ ಮೂಳೆ ಬದಲು ಮೂಲಂಗಿ, ಕ್ಯಾರೆಟ್ಟು, ಅಣಬೆ ಕುದಿಸುತ್ತಾರೆ. ಮಜ್ಜಿಗೆಹುಲ್ಲಿನ ಕಡ್ಡಿಗಳನ್ನು ಜಜ್ಜಿ ಕಟ್ಟುಗಟ್ಟಲೆ ಹಾಕುತ್ತಾರೆ, ಆ ವಾಸನೆ ಮೂಗಿಗೆ ಹತ್ತು ಮಾರು ದೂರದಿಂದಲೇ ತಾಗುತ್ತೆ. ಪಕ್ಕದ ತಟ್ಟೆಯಲ್ಲಿ ಪುದೀನ, ತುಳಸಿಯ ಜಾತಿಯ ಸೊಪ್ಪು, ನಿಂಬೆ ಹೋಳು, ಎಳೆ ಎಳೆಯಾಗಿ ಹೆಚ್ಚಿದ ಬಾಳೆಮೂತಿ. ಬಾಳೆಮೂತಿ ಹಸಿಯದು! ಮಲೆನಾಡಿನಲ್ಲಿ ಅದನ್ನು ಮಜ್ಜಿಗೆ ನೀರಿನಲ್ಲಿ ನೆನೆಸಿ, ಒಗರು ತೆಗೆದು, ಪಲ್ಯ ಮಾಡಿದ ಮೇಲೇ ತಟ್ಟೆಗೆ ಬರುವುದು. ಅಮ್ಮ ಒಂದು ಎಳೆ ಎತ್ತಿ ಮೂಸಿ, ನಾಲಿಗೆ ತುದಿಗೆ ಮುಟ್ಟಿಸಿ, "ನಿಂಬೆ ನೀರಿಗೆ ಹಾಕಿದ್ದಾರೆ" ಅಂತ ತೀರ್ಪು ಕೊಟ್ಟಳು. ಸಮಾಧಾನವಾಯಿತು.

ಅಷ್ಟರಲ್ಲಿ ಬಟ್ಟಲಿನ ತಳದಿಂದ ದುಂಡಗಿನ, ಕಂದು ಬಣ್ಣದ ಹೋಳೊಂದು ಮೇಲೆ ಬಂತು. ನೋಡಿದರೆ ಥೇಟ್ ಮಾಂಸ. ಚರ್ಮದ ಗೆರೆ, ಮಡಿಕೆ ಎಲ್ಲಾ ಇತ್ತು. ಅಮ್ಮ ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಜ್ಜಿ ಅದನ್ನು ಗಮನಿಸಿಬಿಟ್ಟರು. ಕೈಯಲ್ಲಿದ್ದ ಸೌಟು ಬಿಟ್ಟು ಎದ್ದು ಹೋಗಿ, ಒಂದು ಹಿಡಿ ಸೋಯಾ ಕಾಳು ತಂದು ಅಮ್ಮನ ಅಂಗೈಗೆ ಸುರಿದರು. ಇನ್ನೊಂದು ಕೈಯಲ್ಲಿ ಹಳದಿ ಬಣ್ಣದ ಒಣ ಹಾಳೆಯಂಥದ್ದು. ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ಎತ್ತಿ ಒಣಗಿಸಿದ್ದು ಅದು. ಕಾಳು ತೋರಿಸಿದರು, ಹಾಳೆ ತೋರಿಸಿದರು, ಸುತ್ತಿ ಸುತ್ತಿ ದಾರ ಬಿಗಿಯುವ ಹಾಗೆ ಬೆರಳಾಡಿಸಿದರು, ಬಟ್ಟಲಿನೊಳಗಿನ ಹೋಳು ತೋರಿಸಿದರು. ಸಾಲದು ಅಂತ ಗೋಡೆಯ ಬುದ್ಧನ ಪಟದ ಕಡೆ ತಿರುಗಿ ಕೈ ಮುಗಿದರು. ಆಣೆ ಮಾಡಿದ ಹಾಗೆ. ಅಮ್ಮ ಆ ಹೋಳನ್ನು ತಿಂದಳು. ಅವಳಿಗೆ ರುಚಿ ಅಷ್ಟೇನೂ ಹಿಡಿಸಲಿಲ್ಲ ಅಂತ ನನಗೆ ಗೊತ್ತು. ಆದರೂ ಪೂರ್ತಿ ತಿಂದಳು.

ಬಟ್ಟಲಿಗೆ 25,000 ಡಾಂಗ್. ಸೊನ್ನೆ ನೋಡಿ ಹೆದರಬೇಡಿ, ನಮ್ಮ ನೂರು ರೂಪಾಯಿಗೂ ಕಮ್ಮಿ.

ಮೇ ತಿಂಗಳ ಹ್ವೇ ಅಂದರೆ ಬೆಂಕಿ. ತಿಂದು ಎದ್ದಾಗ ಅಮ್ಮನಿಗೆ ತಲೆ ಸುತ್ತಿದ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇಡೀ ಊರು ಮಲಗುತ್ತೆ. ಬಟ್ಟೆ ಅಂಗಡಿಯವಳು ಬಟ್ಟೆ ಗಂಟಿನ ಮೇಲೆ, ಬೈಕ್ ಓಡಿಸುವವನು ನಿಲ್ಲಿಸಿದ ಬೈಕಿನ ಮೇಲೇ ಕಾಲು ಚಾಚಿ. ಅಜ್ಜಿ ತಮಗೆ ಅಂತ ಬಿಡಿಸಿಟ್ಟಿದ್ದ ಮಡಚುವ ಮಂಚವನ್ನು ಅಮ್ಮನಿಗೆ ಬಿಟ್ಟುಕೊಟ್ಟು, ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿ, ತಾವು ಸ್ಟೂಲಿನಲ್ಲಿ ಕಂಬಕ್ಕೆ ಒರಗಿ ಕೂತರು. ನಾನು ಬೇಡ ಬೇಡ ಅಂದೆ. ಅಜ್ಜಿ ನನ್ನನ್ನು ಗದರಿಸಿದರು. ಭಾಷೆ ಬರದಿದ್ದರೂ ಗದರಿದ್ದು ಅರ್ಥವಾಗುತ್ತೆ. ಎದ್ದಾಗ ಅಮ್ಮನಿಗೆ ಹೆಸರುಬೇಳೆ, ತೆಂಗಿನಹಾಲು ಹಾಕಿದ ತಣ್ಣನೆಯ ಸಿಹಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಬಿಸಿಲು ಇಳಿದ ಮೇಲೆ ಥಿಯೆನ್ ಮು ಪಗೋಡಾಕ್ಕೆ ಹೋಗಿ ಬಂದೆವು. 1601ರಲ್ಲಿ ಶುರುವಾದ ದೇವಸ್ಥಾನ, ಮುಂದೆ ಏಳು ಅಂತಸ್ತಿನ ಗೋಪುರ. ಎಲ್ಲರೂ ಗೋಪುರದ ಫೋಟೋ ತೆಗೆಯುತ್ತಾರೆ. ಅಮ್ಮ ನಿಂತದ್ದು ಹಿಂದಿನ ಶೆಡ್ಡಿನಲ್ಲಿರುವ ನೀಲಿ ಆಸ್ಟಿನ್ ಕಾರಿನ ಮುಂದೆ. 1963ರ ಬುದ್ಧ ಪೂರ್ಣಿಮೆಗೆ ಇದೇ ಹ್ವೇಯಲ್ಲಿ ಬೌದ್ಧ ಬಾವುಟ ಹಾರಿಸಬಾರದು ಅಂತ ಅಂದಿನ ಸರ್ಕಾರ ತಡೆಯಿತು, ಎದುರು ನಿಂತವರಲ್ಲಿ ಜನ ಸತ್ತರು. ಮರು ತಿಂಗಳು, ಜೂನ್ 11ರಂದು, ಥಿಚ್ ಕ್ವಾಂಗ್ ಡುಕ್ ಅನ್ನುವ ಭಿಕ್ಷು ಈ ಕಾರಿನಲ್ಲಿ ಸೈಗಾನ್‌ನ ಒಂದು ವೃತ್ತಕ್ಕೆ ಹೋಗಿ, ಪದ್ಮಾಸನ ಹಾಕಿ ಕೂತು, ಮೈಗೆ ಬೆಂಕಿ ಹಚ್ಚಿಕೊಂಡರು. ಅವತ್ತು ನಾವು ನೋಡುವಾಗ ಊರಿನ ಪ್ರತಿ ಸೇತುವೆ, ಪ್ರತಿ ಓಣಿಯಲ್ಲೂ ಅದೇ ಪಟ್ಟೆ ಪಟ್ಟೆಯ ಬಾವುಟ. ನದಿಯಲ್ಲಿ ಏಳು ದೊಡ್ಡ ತಾವರೆ ತೇಲಿಬಿಟ್ಟಿದ್ದರು, ಹುಟ್ಟಿದ ಕೂಡಲೇ ಬುದ್ಧ ಇಟ್ಟ ಏಳು ಹೆಜ್ಜೆಗೆ ಒಂದೊಂದು.

ರಾತ್ರಿ ಅಕ್ಕನ ಮನೆಯಲ್ಲೇ ಊಟ. ಅನ್ನದ ಮೇಲೆ ಉದುರಿಸಿಕೊಳ್ಳಲು ಅವರು ಒಂದು ಪುಡಿ ಇಟ್ಟರು. ಎಳ್ಳು, ಮಜ್ಜಿಗೆಹುಲ್ಲು, ಉಪ್ಪು ಹುರಿದು ಕುಟ್ಟಿದ್ದು. ಅಮ್ಮ ಮೆಟ್ಟಿಲು ಹತ್ತಿ ಹೋಗಿ ಚಟ್ನಿಪುಡಿ ತಂದಳು. ಎರಡೂ ಡಬ್ಬಿ ಮೇಜಿನ ಸುತ್ತ ಓಡಾಡಿದವು. ಅಕ್ಕನ ಮಗಳಿಗೆ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು, ಆದರೂ ಮತ್ತೆ ಹಾಕಿಕೊಂಡಳು.

ಅಲ್ಲಿಗೆ ಅಕ್ಕನ ಅಣ್ಣ ಡಾಕ್ ಲಾಕ್‌ನಿಂದ ಬಂದಿದ್ದರು. ಅದು ವಿಯೆಟ್ನಾಂನ ಕಾಫಿ ಸೀಮೆ. ಯುದ್ಧ ಮುಗಿದ ಮೇಲೆ ಸರ್ಕಾರ ಕರಾವಳಿಯ ಜನರನ್ನು ಆ ಗುಡ್ಡಗಾಡಿಗೆ ಕಳಿಸಿತ್ತು, ಇವರೂ ಹರೆಯದಲ್ಲಿ ಹಾಗೇ ಹೋದವರು. ಇಲ್ಲೊಂದು ಮಾತು ಹೇಳಬೇಕು. ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ವಿಯೆಟ್ನಾಂ ಅಂದರೆ ಒಂದು ದೇಶ ಅನ್ನುವುದಕ್ಕಿಂತ ಒಂದು ರೇಟು. 2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದಾಗ ಅಪ್ಪ ಬೈದದ್ದು ವಿಯೆಟ್ನಾಂಗೆ. ಅಲ್ಲಿಯ ಅಗ್ಗದ ಕಾಳುಮೆಣಸು ಶ್ರೀಲಂಕಾ ಸುತ್ತಿ ನಮ್ಮಲ್ಲಿಗೆ ಬರುತ್ತಿದೆ ಅಂತ ಬೆಳೆಗಾರರು ಕೂಗಾಡಿದ್ದೂ ಅದಕ್ಕೇ. ಕಿಲೋಗೆ 500 ರೂಪಾಯಿಗಿಂತ ಕಮ್ಮಿ ಬೆಲೆಗೆ ಮೆಣಸು ತರಿಸುವಂತಿಲ್ಲ ಅಂತ 2017ರಲ್ಲಿ ಕೇಂದ್ರ ಸರ್ಕಾರ ಹೇಳಿದಾಗ ಅಪ್ಪ ಮನೆಗೆ ಸ್ವೀಟು ತಂದಿದ್ದರು.

ಆ ಅಣ್ಣ ಊಟವಾದ ಮೇಲೆ ತಮ್ಮ ತೋಟದ ರೊಬಸ್ಟಾ ಕಾಫಿಪುಡಿಯನ್ನು ಫಿನ್ ಅನ್ನುವ ತಗಡಿನ ಫಿಲ್ಟರಿಗೆ ಹಾಕಿ, ಲೋಟದ ತಳದಲ್ಲಿ ಗಟ್ಟಿ ಸಿಹಿ ಹಾಲು ಸುರಿದು ಕೂತರು. ಹನಿ ಹನಿಯಾಗಿ ಇಳಿಯುವ ಕಾಫಿಗೆ ಕಾಯಬೇಕು, ಕಾಯುವಾಗ ಮಾತಾಡಬೇಕು. ನಾನು ಫೋನಿನಲ್ಲಿ ನಮ್ಮ ತೋಟದ ಫೋಟೋ ತೋರಿಸಿದೆ. ಅವರು ಕಾಫಿ ನೋಡಲಿಲ್ಲ, ಮರ ನೋಡಿದರು. ಇಷ್ಟು ನೆರಳಿನಲ್ಲಿ ಏನು ಬೆಳೆಯುತ್ತೆ ಅಂತ ಕೇಳಿದರು. ಅವರಲ್ಲಿ ಹೆಚ್ಚಾಗಿ ಬಯಲಲ್ಲೇ ಕಾಫಿ, ಬೇಸಿಗೆಯಲ್ಲಿ ಕೊಳವೆ ಹಾಕಿ ನೀರು. ಇಳುವರಿ ನಮ್ಮ ದುಪ್ಪಟ್ಟು. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಬಂದಾಗ ಫೋಟೋ ಹಿಗ್ಗಿಸಿ ಎಲೆ ನೋಡಿದರು. ತಮ್ಮಲ್ಲಿ ಕಾಂಕ್ರೀಟ್ ಕಂಬಕ್ಕೆ ಹಬ್ಬಿಸಿದ್ದು, ಸೊರಗು ರೋಗ ಬಂದು ಸಾಲು ಸಾಲಾಗಿ ಸತ್ತದ್ದು, ಅದೇ ಹೊತ್ತಿಗೆ ಬೆಲೆಯೂ ಬಿದ್ದದ್ದು, ಬ್ಯಾಂಕಿನ ಸಾಲ, ಎಲ್ಲಾ ಹೇಳಿಕೊಂಡರು. 2001ರಲ್ಲಿ ಏನು ಮಾಡಿದಿರಿ ಅಂತ ಕೇಳಿದೆ. ಗಿಡ ಕಡಿದು ಸೌದೆ ಮಾಡಿದೆ ಅಂದರು.

ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದೆ. ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಅಪ್ಪ ಕೇಳಿದ್ದು ಸೊರಗು ರೋಗಕ್ಕೆ ಏನು ಹೊಡೀತಾರೆ ಅಂತ. ನಾನು ಆ್ಯಪ್‌ನಲ್ಲಿ ಇಂಗ್ಲಿಷಿಗೆ ತಂದು, ಅಲ್ಲಿಂದ ವಿಯೆಟ್ನಾಮಿಗೆ ದಾಟಿಸಿದೆ. ಅಣ್ಣ ಕೈ ಆಡಿಸಿದರು, ಏನೂ ಇಲ್ಲ, ಮೆಣಸು ಕಿತ್ತು ದುರಿಯನ್ ಹಣ್ಣಿನ ಗಿಡ ಹಾಕಿದ್ದೀನಿ, ಚೀನಾದವರು ಒಳ್ಳೆ ರೇಟು ಕೊಡ್ತಾರೆ, ನಮ್ಮೂರಲ್ಲಿ ಎಲ್ಲರೂ ಅದನ್ನೇ ಹಾಕ್ತಿದ್ದಾರೆ ಅಂದರು.

"ಎಲ್ಲರೂ ಕೀಳ್ತಿದ್ದಾರಂತಾ?" ಅಪ್ಪ ಕನ್ನಡಕ ಸರಿ ಮಾಡಿಕೊಂಡರು. "ಹಾಗಿದ್ರೆ ಈ ಸಲದ ಮೆಣಸು ಈಗ್ಲೇ ಕೊಡೋದು ಬೇಡ, ಇಟ್ಕೊಳ್ಳೋಣ. ಅವರಿಗೆ ಊಟ ಆಯ್ತಾ ಕೇಳು."